ಮೂರು ಮಣೆಗಳ ಮೇಲೆ ಅಮ್ಮ

ಅದು ೧೯೯೩ನೇ ಇಸವಿ. ನನಗೆ ಹತ್ತು ವರ್ಷ ತುಂಬಿ ಹನ್ನೊಂದನೆಯದು ನಡೆಯುತ್ತಿತ್ತು. ಕಬಕದಿಂದ ವಿಟ್ಲದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ಬಸ್ಸು ಹಾರ್ನ್ ಹಾಕಿದರೆ ಚಾವಡಿಯ ಕಿಟಕಿಯ ಗಾಜು ಸಣ್ಣಗೆ ನಡುಗುವಷ್ಟು ಹತ್ತಿರದಲ್ಲಿ ನಮ್ಮ ಮನೆಯಿತ್ತು. ಅಪ್ಪ ಪುತ್ತೂರಿನ ಒಂದು ಶಾಲೆಯಲ್ಲಿ ಗಣಿತದ ಮಾಸ್ಟ್ರು. ಮೊದಲ ಬಸ್ಸು ಹೋಗುವುದಕ್ಕೆ ಮುನ್ನವೇ ಅವರು ಚಾವಡಿಗೆ ಬಂದು, ಕಾವಿ ಹಾಕಿದ ಬರಿಯ ನೆಲದ ಮೇಲೆ ಆಸನಗಳನ್ನು ಆರಂಭಿಸುತ್ತಿದ್ದರು. ಚಾಪೆಯನ್ನೂ ಹಾಸುತ್ತಿರಲಿಲ್ಲ. ಹದಿಹರೆಯದಲ್ಲಿ ಉಬ್ಬಸದಿಂದ ಮೆಟ್ಟಿಲು ಹತ್ತಲಾರದೆ ಕೂರುತ್ತಿದ್ದ ಅವರಿಗೆ ಒಬ್ಬ ಗುರುಗಳು ಯೋಗಾಭ್ಯಾಸ ಕಲಿಸಿದ್ದರಂತೆ. ಗೋಡೆಗೆ ಒರಗಿದರೆ ಎಬ್ಬಿಸಿ ಹೊರಗೆ ಕಳುಹಿಸುತ್ತಿದ್ದ ಗುರುಗಳು. ಆ ಕಾಠಿಣ್ಯದಿಂದಲೇ ತಮ್ಮ ಉಸಿರು ತಮಗೆ ಮರಳಿ ಸಿಕ್ಕಿತೆಂದು ಅಪ್ಪ ನಂಬಿದ್ದರು. ಆದ್ದರಿಂದ ಅವರ ನಿಯಮವನ್ನು ಬರಿಯ ಹಟವೆಂದು ಕರೆಯಲು ನಾನು ಇಂದಿಗೂ ಒಪ್ಪುವುದಿಲ್ಲ. ಅದು ಬದುಕಿ ಉಳಿದವನೊಬ್ಬನ ನಿಯಮವಾಗಿತ್ತು.

ಎಂಟನೇ ವಯಸ್ಸಿನಿಂದ ನಾನೂ ಅವರ ಪಕ್ಕದಲ್ಲಿ ನಿಲ್ಲುತ್ತಿದ್ದೆ. ತ್ರಿಕೋನಾಸನದಲ್ಲಿ ಅಂಗೈ ನೆಲಕ್ಕೆ ತಾಗದಿದ್ದರೆ ಅದು ಆಗಲಿಲ್ಲವೆಂದೇ ಲೆಕ್ಕ. ಮೊಣಕಾಲು ಹಿಡಿದು ನಿಂತರೆ, ಹಿಮ್ಮಡಿ ಎತ್ತಿದರೆ, ಪಶ್ಚಿಮೋತ್ತಾನಾಸನದಲ್ಲಿ ಬೆರಳು ಸಿಗದೆ ಪಾದಕ್ಕೆ ಮೈ ಒರೆಸುವ ಬೈರಾಸು ಸುತ್ತಿ ಎಳೆದರೆ, ಅಪ್ಪ ಬಾಯಿ ಬಿಟ್ಟು ಬೈಯುತ್ತಿರಲಿಲ್ಲ. ಮೊದಲಿನಿಂದ ಆರಂಭಿಸುವಂತೆ ಕೈ ತೋರಿಸುತ್ತಿದ್ದರು. ಒಮ್ಮೆ ನಾನು ಪದ್ಮಾಸನಕ್ಕೆಂದು ಅಜ್ಜಿಯ ತಲೆದಿಂಬನ್ನು ಅಡಿಗೆ ಇಟ್ಟುಕೊಂಡದ್ದನ್ನು ಕಂಡು ಮಾತ್ರ ನಿಲ್ಲಿಸಿ ಹೇಳಿದರು:

"ಆಸನ ಅಂದ್ರೆ ಮೈ ಮತ್ತು ನೆಲ. ಎರಡರ ಮಧ್ಯ ಮೂರನೆಯದು ಬಂದ್ರೆ ಅದು ಸರ್ಕಸ್ಸು, ಮಾಣಿ. ಸರ್ಕಸ್ಸಿಗೆ ಬೇರೆ ಡೇರೆ ಉಂಟು."

ಆ ಮಾತು ನನಗೆ ಬಹಳ ಹಿಡಿಸಿತ್ತು. ಒಂದು ವಿಷಯ ಸರಿ ಅಥವಾ ತಪ್ಪು. ನಡುವೆ ಏನೂ ಇಲ್ಲ ಎಂಬುದು ಆ ವಯಸ್ಸಿನ ಹುಡುಗನಿಗೆ ದೊಡ್ಡ ನೆಮ್ಮದಿ. ಮುಂದೆ ಕಡಬದ ಶಾಲೆಯೊಂದರಲ್ಲಿ ಹಲವು ವರ್ಷ ಕನ್ನಡ ಪಾಠ ಹೇಳಿದ ನಾನು, ಮಕ್ಕಳ ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿಯನ್ನು ಯಾವ ಕೈಯಿಂದ ಬಳಸಿದೆನೋ ಆ ಕೈ ರೂಪುಗೊಂಡದ್ದು ಆ ಚಾವಡಿಯಲ್ಲಿ. ಆದರೆ ಆ ಕೈ ಆಗಾಗ ತಡೆದು ನಿಲ್ಲುತ್ತಿತ್ತು. ಅದು ತಡೆಯಲು ಕಲಿತದ್ದೂ ಅದೇ ಮನೆಯಲ್ಲಿ, ಎರಡು ಗೋಡೆಗಳಾಚೆಯ ನಡುಮನೆಯಲ್ಲಿ.

ಹಿಂದಿನ ವರ್ಷದ ಮಳೆಗಾಲದಲ್ಲಿ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಬಳಿ ಪಾಚಿಯ ಮೇಲೆ ಕಾಲಿಟ್ಟು ಜಾರಿ ಬಿದ್ದಿದ್ದರು. ಎಡ ಮಂಡಿಯ ಮೇಲ್ಗಡೆ ಎಲುಬು ಮುರಿದಿತ್ತು. ಪುತ್ತೂರಿನ ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರನ್ನು ಬಿಚ್ಚಿದಾಗ ಕಾಲು ಸೌದೆಯಂತೆ ನೆಟ್ಟಗಿತ್ತು. ವೈದ್ಯರು ಮಂಡಿಯನ್ನು ಅತ್ತಿತ್ತ ಆಡಿಸಿ ನೋಡಿ, "ಎಲುಬು ಸರಿಯಾಗಿ ಕೂಡಿದೆ. ಆದ್ರೆ ಮೊದಲಿನ ಹಾಗೆ ಪೂರ್ತಿ ಮಡಚುದು ಕಷ್ಟವೇ. ದಿನಾ ಅಭ್ಯಾಸ ಮಾಡಿ, ನೋವು ಬಂದಲ್ಲಿಗೆ ನಿಲ್ಲಿಸಿ," ಎಂದಿದ್ದರು. ಅಮ್ಮ ನಡೆಯತೊಡಗಿದರು, ಅಡುಗೆ ಮಾಡತೊಡಗಿದರು. ನೆಲದಲ್ಲಿ ಕೂರುವುದು ಮಾತ್ರ ಸಾಧ್ಯವಾಗಲಿಲ್ಲ. ನಮ್ಮ ಮನೆಯಲ್ಲಿ ಊಟದ ಮೇಜು ಇರಲಿಲ್ಲ. ನಡುಮನೆಯಲ್ಲಿ ಮಣೆ ಹಾಕಿ, ಎಲೆ ಹಾಕಿ, ಸಾಲಾಗಿ ಕೂತು ಉಣ್ಣುವುದು ಪದ್ಧತಿ. ಬೀಳುವುದಕ್ಕೆ ಮುಂಚೆ, ರಜಾದಿನಗಳಲ್ಲಿ ಗಂಡಸರ ಊಟವಾದ ಮೇಲೆ ಅಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಿದ್ದರು. ನಾನು ಬೇಡವೆಂದು ಬಿಟ್ಟ ಹಾಗಲಕಾಯಿ ಅವರ ಎಲೆಗೆ, ಅವರ ಹಪ್ಪಳ ನನ್ನ ಎಲೆಗೆ. ಬಿದ್ದ ಮೇಲೆ ಅವರು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ಒಲೆಯ ಪಕ್ಕದ ಕಟ್ಟೆಯ ಮೇಲೆ ಬಟ್ಟಲಿಟ್ಟು, ಗೋಡೆಗೆ ಮುಖ ಮಾಡಿ ಒಬ್ಬರೇ ಉಣ್ಣತೊಡಗಿದರು.

"ಗೋಡೆ ನೋಡಿಕೊಂಡು ಎಂತಕ್ಕೆ ಉಣ್ಣುದು ಅಮ್ಮ?" ಎಂದು ನಾನೊಮ್ಮೆ ಕೇಳಿದೆ.

"ಗೋಡೆ ಒಳ್ಳೆಯದು ಮಗ. ಹಪ್ಪಳ ಕೇಳುದಿಲ್ಲ," ಎಂದರು.

೧೯೯೩ರ ದೀಪಾವಳಿ ಕಳೆದ ಮೇಲೆ, ಬರುವ ಬೇಸಗೆಯಲ್ಲಿ ನನ್ನ ಉಪನಯನವೆಂದು ನಿಶ್ಚಯವಾಯಿತು. ಉಪನಯನದ ದಿನ ಬೆಳಿಗ್ಗೆ ಮಾತೃಭೋಜನವೆಂಬುದೊಂದು ಕ್ರಮವಿದೆ. ಜನಿವಾರ ಧರಿಸುವುದಕ್ಕೆ ಮುನ್ನ ಹುಡುಗ ತಾಯಿಯೊಡನೆ ಒಂದೇ ಎಲೆಯಲ್ಲಿ, ಕಡೆಯ ಬಾರಿಗೆ, ಉಣ್ಣುತ್ತಾನೆ. ಆಮೇಲೆ ತಾಯಿಯ ಎಲೆಯಲ್ಲಿ ಅವನು ಕೈ ಹಾಕುವಂತಿಲ್ಲ. ತಾಯಿ ಇಲ್ಲದವನಿಗೆ, ತಾಯಿಗೆ ಕೂರಲಾಗದವನಿಗೆ, ದೊಡ್ಡಮ್ಮನೋ ಚಿಕ್ಕಮ್ಮನೋ ಆ ಸ್ಥಾನದಲ್ಲಿ ಕೂರುವುದುಂಟು. ಈ ವಿಷಯ ನಮ್ಮ ಮನೆಯಲ್ಲಿ ಮೊದಲು ಪ್ರಸ್ತಾಪವಾದದ್ದು ಒಂದು ಸಂಜೆ, ಅಪ್ಪ ಚಾವಡಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ. ಅವರು ಲೋಟದಿಂದ ಕಣ್ಣೆತ್ತದೆ, ಬಹಳ ಮೆಲ್ಲಗೆ ಹೇಳಿದರು:

"ಮಾತೃಭೋಜನಕ್ಕೆ ನರಿಮೊಗರಿನ ಅತ್ತಿಗೆಗೆ ಹೇಳಿದ್ರೆ ಹೇಗೆ? ನಿನಗೆ ಸುಮ್ಮನೆ ಕಷ್ಟ."

ನರಿಮೊಗರಿನ ಅತ್ತಿಗೆಯೆಂದರೆ ಅಪ್ಪನ ಅಣ್ಣನ ಹೆಂಡತಿ, ನನ್ನ ಪಾರ್ವತಿ ದೊಡ್ಡಮ್ಮ. ಅಮ್ಮ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದರು.

"ಕಷ್ಟ ನನ್ನದಲ್ವಾ? ನಾನೇ ಕೂರ್ತೇನೆ," ಎಂದರು.

"ನೆಲದಲ್ಲಿ ಕೂರುದು ಹೇಗೆ? ಕುರ್ಚಿ ಹಾಕ್ಲಿಕ್ಕೆ ಆಗ್ತದಾ? ಎಡಗಾಲು ಚಾಚಿ ಕೂತ್ರೆ ಪಾದ ಸೀದಾ ದೇವರ ಕೋಣೆಗೆ."

ಅಪ್ಪ ಹೇಳಿದ್ದು ಸತ್ಯವೇ ಆಗಿತ್ತು. ನಡುಮನೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತರೆ ಎಡಕ್ಕೆ ದೇವರ ಕೋಣೆ. ಆ ಕಡೆಗೆ ಕಾಲು ಚಾಚುವುದು ನಮ್ಮಲ್ಲಿ ಯಾರೂ ನಿದ್ದೆಯಲ್ಲಿ ಕೂಡ ಮಾಡದ ಕೆಲಸ. ಎದುರಿಗೆ ಚಾಚಿದರೆ ಎಲೆಗೆ ತಾಗುತ್ತದೆ. ಮಂಡಿಯನ್ನು ಹೇಗಾದರೂ ಮಡಚಿ ಪಾದವನ್ನು ಒಳಗೆ ಎಳೆದುಕೊಳ್ಳದೆ ಬೇರೆ ದಾರಿಯಿರಲಿಲ್ಲ. ಮರುದಿನದಿಂದ ಅಪ್ಪ ತಾವೇ ಅಮ್ಮನಿಗೆ ಅಭ್ಯಾಸ ಮಾಡಿಸತೊಡಗಿದರು, ತಮಗೆ ಗೊತ್ತಿದ್ದ ಒಂದೇ ರೀತಿಯಲ್ಲಿ. ನೆಲ, ಬರಿಯ ನೆಲ. ಅಮ್ಮ ಕಿಟಕಿಯ ಸರಳು ಹಿಡಿದು ಇಳಿಯುವುದು, ಅಪ್ಪ "ಕೈ ಬಿಡು" ಎನ್ನುವುದು, ಕೈ ಬಿಟ್ಟ ಕೂಡಲೇ ಅಮ್ಮನ ಮುಖ ಬಿಳಿಚುವುದು. ಕೆಲವು ದಿನಗಳಲ್ಲೇ ಮಂಡಿ ಊದಿಕೊಂಡಿತು. ಅಪ್ಪ ತಾವೇ ಎಣ್ಣೆ ಬಿಸಿ ಮಾಡಿ ಹಚ್ಚಿದರು; ಆದರೆ ಬೇರೆ ಉಪಾಯ ಹೇಳಲಿಲ್ಲ. ಬೇರೆ ಉಪಾಯ ಅವರಿಗೆ ಗೊತ್ತಿರಲಿಲ್ಲವೆಂಬುದು ನನಗೆ ಹೊಳೆಯಲು ಬಹಳ ಕಾಲ ಬೇಕಾಯಿತು. ಆ ದಿನಗಳಲ್ಲಿ ಮಾತ್ರ, ತಪ್ಪು ಮಂಡಿಯದ್ದೇ ಎಂದು ನಾನು ನಂಬಿದ್ದೆ.

ಅಮ್ಮನ ಅಣ್ಣ ಕೇಶವ ಮಾವ ಸುಳ್ಯದಲ್ಲಿದ್ದರು. ಬ್ಯಾಂಕಿನ ಕೆಲಸದಲ್ಲಿ ಮೈಸೂರಿಗೆ ವರ್ಗವಾಗಿದ್ದಾಗ ಸೊಂಟನೋವಿಗೆಂದು ಯೋಗ ಕಲಿಯಲು ಸೇರಿ, ನೋವು ಹೋದ ಮೇಲೂ ಬಿಡದೆ ಕಲಿತು, ಊರಿಗೆ ಮರಳಿದವರು. ಅವರು ಕಲಿತ ರೀತಿಯಲ್ಲಿ ಗೋಡೆ, ಹಗ್ಗ, ಮರದ ತುಂಡು, ಕುರ್ಚಿ, ಕಂಬಳಿ ಎಲ್ಲವೂ ಆಸನದ ಅಂಗಗಳೇ. ಅಮ್ಮ ಅವರಿಗೆ ಏನೆಂದು ಹೇಳಿ ಕಳುಹಿಸಿದ್ದರೋ ತಿಳಿಯದು. ಒಂದು ಭಾನುವಾರ ಸುಳ್ಯದ ಬಸ್ಸಿನಿಂದ ಪುತ್ತೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಹೆಗಲಿಗೆ ಚೀಲ ತೂಗಿಕೊಂಡು ಮನೆಗೆ ಬಂದರು. ಚಾವಡಿಯಲ್ಲಿ ನೀರು ಬೆಲ್ಲ ಮುಗಿಸಿ, ನಡುಮನೆಗೆ ಹೋಗಿ, ಸುತ್ತಲೂ ನೋಡಿ, ಗೋಡೆಗೆ ಒರಗಿಸಿದ್ದ ಊಟದ ಮಣೆಗಳನ್ನು ಒಂದರ ಮೇಲೊಂದಾಗಿ ಪೇರಿಸತೊಡಗಿದರು. ಅಪ್ಪ ಹಿಂದೆಯೇ ಬಂದರು.

"ಇದೆಂತ ಭಾವ, ಊಟದ ಮಣೆ!"

"ಹೌದು ಭಾವ, ಮಣೆ. ಕೂರ್ಲಿಕ್ಕೆ ಇರುದು. ಅವಳೂ ಕೂರುದೇ."

"ಅದಕ್ಕೆ ಕಾಲು ತಾಗ್ತದಲ್ಲ?"

"ನೀವು ಉಣ್ಣುವಾಗ ಕಾಲನ್ನು ಮೇಲೆ ಮಾಡಿನ ಜಂತಿಗೆ ಕಟ್ಟಿ ಇಡ್ತೀರಾ?"

ನನಗೆ ನಗು ಬಂತು. ಅಪ್ಪನ ಮುಖ ನೋಡಿ ನುಂಗಿಕೊಂಡೆ. ಅಪ್ಪ ಮಾತು ಬದಲಿಸಿದರು:

"ಕಾಲಿನ ವಿಷಯ ಬಿಡಿ. ಎತ್ತರದಲ್ಲಿ ಕೂತು ಕೂತು ಅವಳಿಗೆ ಅದೇ ಅಭ್ಯಾಸ ಆಗ್ತದೆ. ಆಸರೆ ಕೊಟ್ರೆ ಮೈ ಸೋಮಾರಿ ಆಗ್ತದೆ ಭಾವ. ನಾನು ಕಂಡು ಹೇಳುದು."

"ಮತ್ತೆ ನೆಲಕ್ಕೆ ಕಾವಿ ಹಾಕಿದ್ದು ಎಂತಕ್ಕೆ? ಮಣ್ಣಿನ ನೆಲದಲ್ಲೇ ಮಾಡ್ಬಹುದಿತ್ತಲ್ಲ."

"ಅದು ನಿಮ್ಮ ಚಮತ್ಕಾರದ ಮಾತು."

"ಚಮತ್ಕಾರ ಅಲ್ಲ ಮಾರಾಯ್ರೆ. ತಂಗಿ ಸರಸುವಿನ ಮಂಡಿ ಎಲ್ಲಿವರೆಗೆ ಬರ್ತದೋ ಅಲ್ಲಿಗೆ ನೆಲವನ್ನು ತರುದು, ಅಷ್ಟೇ. ಅವಳು ನೆಲಕ್ಕೆ ಹೋಗ್ಲಿಕ್ಕೆ ಆಗದಿದ್ರೆ ನೆಲ ಅವಳ ಹತ್ರ ಬರ್ಲಿ."

ಇಬ್ಬರ ಧ್ವನಿಯೂ ಏರಿತು. ಅಮ್ಮ ಅಡುಗೆಮನೆಯಿಂದ ಬಂದು ನಡುವೆ ನಿಂತು, ಇಬ್ಬರ ಮುಖವನ್ನೂ ನೋಡದೆ, ಪೇರಿಸಿದ ಮಣೆಗಳ ಮೇಲೆ ಕೈಯೂರಿ ಮೆಲ್ಲಗೆ ಕೂತರು. ಐದು ಮಣೆಗಳಿದ್ದವು. ಮಾವ ಮಂಡಿಯಡಿಗೆ ಸುತ್ತಿದ ಬೈರಾಸನ್ನು ತೂರಿಸಿದರು. ಅಮ್ಮನ ಎಡಪಾದ ತಾನಾಗಿ ಒಂದು ಗೇಣಿನಷ್ಟು ಒಳಕ್ಕೆ ಬಂತು. ಬಿದ್ದ ಮೇಲೆ ಅವರು ಮಡಚಿದ ಕಾಲಿನಲ್ಲಿ ಕೂತದ್ದನ್ನು ನಾವು ನೋಡಿದ್ದು ಅಂದೇ. ಅಮ್ಮನ ಕಣ್ಣು ತುಂಬಿತ್ತು; ಆದರೆ ಮುಖ ಬಿಳಿಚಿರಲಿಲ್ಲ. ಅಪ್ಪ ಬಹಳ ಹೊತ್ತು ನೋಡಿ, ಕಡೆಗೆ ಒಂದು ಷರತ್ತು ಹಾಕಿದರು:

"ಆಗ್ಲಿ. ಊಟದ ಮಣೆ ಬೇಡ, ಅಟ್ಟದಲ್ಲಿ ಅಜ್ಜನ ಕಾಲದ್ದು ಉಂಟು, ಅದನ್ನು ತೆಗೀರಿ. ತಿಂಗಳಿಗೊಂದು ಕಡಮೆ ಮಾಡ್ಬೇಕು. ಉಪನಯನದ ಹೊತ್ತಿಗೆ ಎಲ್ಲರ ಹಾಗೆ ಒಂದೇ ಮಣೆ. ಇಲ್ಲದಿದ್ರೆ ಅತ್ತಿಗೆಯೇ ಕೂರ್ಲಿ."

"ಮಂಡಿಯನ್ನು ಕೇಳಿ ತೆಗೆಯುವಾ, ಭಾವ, ಕ್ಯಾಲೆಂಡರನ್ನು ಕೇಳುದು ಬೇಡ," ಎಂದರು ಮಾವ. ಅಮ್ಮ ಮಾತ್ರ "ಆಯ್ತು" ಎಂದರು. ಷರತ್ತನ್ನು ಒಪ್ಪಿದ್ದು ಅವರೊಬ್ಬರೇ.

ಹೀಗೆ ನಮ್ಮ ಮನೆಯಲ್ಲಿ ಎರಡು ಯೋಗಶಾಲೆಗಳಾದವು. ಚಾವಡಿಯಲ್ಲಿ ಅಪ್ಪ, ಬರಿಯ ನೆಲದ ಮೇಲೆ. ನಡುಮನೆಯಲ್ಲಿ ಅಮ್ಮ, ಅಟ್ಟದಿಂದ ಇಳಿಸಿದ ಹಲಸಿನ ಮಣೆಗಳ ಮೇಲೆ. ಭಾನುವಾರಗಳಂದು ಮಾವ ಬಂದು ಹೊಸತೊಂದನ್ನು ತೋರಿಸಿ ಹೋಗುತ್ತಿದ್ದರು. ಉಳಿದ ದಿನ ಅದನ್ನು ಮಾಡಿಸುವ ಜವಾಬ್ದಾರಿ ನನ್ನದಾಯಿತು. ಮನೆಯ ವಸ್ತುಗಳಿಗೆಲ್ಲ ಎರಡನೆಯ ಉದ್ಯೋಗ ದೊರೆಯಿತು. ನಾನು ಮಲಗಿ ಬೆಳೆದ ತೊಟ್ಟಿಲಿನ ಕೊಂಡಿಗೆ ಹಗ್ಗ ಕಟ್ಟಿ, ಅದನ್ನು ಹಿಡಿದು ಅಮ್ಮ ನಿಂತಲ್ಲಿಂದ ಅರ್ಧ ಕೂರುವುದನ್ನು ಅಭ್ಯಾಸ ಮಾಡಿದರು. ತ್ರಿಕೋನಾಸನದಲ್ಲಿ ಅಂಗೈಗೆ ನೆಲದ ಬದಲು ಅಡುಗೆಮನೆಯ ಸ್ಟೂಲು. ಮಲಗಿ, ಪಾದಕ್ಕೆ ಹಳೆಯ ಸೀರೆಯ ಪಟ್ಟಿ ಸುತ್ತಿ, ಕಾಲನ್ನು ಮೇಲೆತ್ತಿ ಎಳೆಯುವುದು. ಗೋಡೆಗೆ ಕಾಲು ಚಾಚಿ ಮಲಗಿ, ಹಿಮ್ಮಡಿಯನ್ನು ಗೋಡೆಯ ಮೇಲೆ ಜಾರಿಸುತ್ತ, ಮಂಡಿ ತನ್ನ ಭಾರಕ್ಕೆ ತಾನೇ ಮಡಚುವಂತೆ ಬಿಡುವುದು. ವೀರಾಸನಕ್ಕೆ ಎರಡು ಪಾದಗಳ ನಡುವೆ, ಅಜ್ಜಿಯ ಹಳೆಯ ಸೀರೆಗಳನ್ನು ಬಿಗಿಯಾಗಿ ಸುತ್ತಿ ಹೊಲಿದ ದಿಂಡು. ಅದೂ ಸಾಲದಾದಾಗ ಅದರ ಮೇಲೆ ಮಡಚಿದ ಕಂಬಳಿ. ಒಂದೇ ಆಸನಕ್ಕೆ ಇಷ್ಟು ರೂಪಗಳಿರಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಚಾವಡಿಯಲ್ಲಿ ಒಂದು ತ್ರಿಕೋನಾಸನ ಮಾಡಿ, ಶಾಲೆಯಿಂದ ಬಂದು ನಡುಮನೆಯಲ್ಲಿ ಇನ್ನೊಂದನ್ನು ಹಿಡಿದು ನಿಲ್ಲಿಸುವಾಗ, ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕೆಂದು ನನ್ನ ಮನಸ್ಸು ತರ್ಕಿಸುತ್ತಿತ್ತು. ಅಮ್ಮನ ಬೆನ್ನಿನ ಮೇಲಿದ್ದ ನನ್ನ ಅಂಗೈಗೆ ಮಾತ್ರ ಹಾಗೆ ತೋರುತ್ತಿರಲಿಲ್ಲ. ಚಾವಡಿಯಲ್ಲಿ ಅಪ್ಪನ ಬೆನ್ನೆಲುಬು ಮೇಲಕ್ಕೆ ಹಿಗ್ಗುವಂತೆಯೇ ಅಮ್ಮನದೂ ಹಿಗ್ಗುತ್ತಿತ್ತು.

ಮಣೆಗಳು ಐದರಿಂದ ನಾಲ್ಕಾದವು. ಶಿವರಾತ್ರಿಯ ಹೊತ್ತಿಗೆ ಮೂರಾದವು. ಮೂರರ ಮೇಲೆ ಅಮ್ಮ ಕೈಗಳನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ, ಬೆನ್ನು ನೇರವಾಗಿಸಿ ಸುಖವಾಗಿ ಕೂರುತ್ತಿದ್ದರು. ಆದರೆ ಮೂರು ಎರಡಾಗಲಿಲ್ಲ. ಒಂದನ್ನು ತೆಗೆದ ಮರುದಿನವೇ ಮಂಡಿ ಊದುತ್ತಿತ್ತು, ಮತ್ತೆ ಇಡುತ್ತಿದ್ದೆವು. ಯುಗಾದಿ ಕಳೆಯಿತು, ವಿಷು ಕಳೆಯಿತು. ನಾನು ಚಾವಡಿಯಿಂದ ನಡುಮನೆಗೆ ಹೋಗುವಾಗ ಅಪ್ಪ ಹಾಜರಿ ತೆಗೆಯುವ ಧ್ವನಿಯಲ್ಲಿ ಕೇಳುತ್ತಿದ್ದರು:

"ಎಷ್ಟು?"

"ಮೂರು."

ಅಮ್ಮನಿಗೆ ಆ ಪ್ರಶ್ನೆಯೂ ಉತ್ತರವೂ ಒಳಗೆ ಕೇಳಿಸುತ್ತಿದ್ದವು.

ಆಮಂತ್ರಣ ಅಚ್ಚಾಗಿ ಬಂದ ಮೇಲೆ ಅಪ್ಪ ನರಿಮೊಗರಿಗೆ ಹೇಳಿ ಕಳುಹಿಸಿದರು. ದೊಡ್ಡಮ್ಮ ಮರುದಿನವೇ ಬಂದರು. ಬಂದವರು ಚಪ್ಪಲಿ ಕಳಚುತ್ತಲೇ ಅಮ್ಮನನ್ನು ಕರೆದರು:

"ನೋಡು ತಂಗಿ, ಕೂರು ಅಂದ್ರೆ ಕೂರ್ತೇನೆ. ಆದ್ರೆ ನೀನು ಜೀವಂತ ಎದುರು ನಿಂತಿರುವಾಗ ಆ ಎಲೆಯಲ್ಲಿ ನನಗೆ ಅನ್ನ ಇಳಿಯುದಿಲ್ಲ. ಈಗಲೇ ಹೇಳಿದ್ದೇನೆ."

ಅಮ್ಮ ಅವರನ್ನು ಒಳಗೆ ಕರೆದೊಯ್ದು ತಾವು ಕೂರುವ ರೀತಿಯನ್ನು ತೋರಿಸಿದರು. ದೊಡ್ಡಮ್ಮ ಸುತ್ತಲೂ ನಡೆದು ನೋಡಿ, ತಗ್ಗಿದ ಧ್ವನಿಯಲ್ಲಿ, ಆದರೆ ಬಾಗಿಲ ಬಳಿಯಿದ್ದ ನನಗೆ ಕೇಳುವಂತೆ, ಉಪಾಯ ಹೇಳಿದರು:

"ಇಷ್ಟೇ ಅಲ್ವಾ? ರೇಷ್ಮೆ ಸೀರೆಯ ನೆರಿಗೆಯನ್ನು ಸ್ವಲ್ಪ ಅಗಲ ಹರಡಿದ್ರೆ ಮಣೆ ಒಂದೋ ಮೂರೋ ಯಾರಿಗೆ ಕಾಣ್ತದೆ? ನಿನ್ನ ಗಂಡ ನಾರಾಯಣನಿಗೂ ಕಾಣುದಿಲ್ಲ. ಅವನಿಗೆ ಲೆಕ್ಕ ಸರಿಯಾದ್ರೆ ಆಯ್ತು."

"ಕಾಣ್ಲಿ ಅಕ್ಕ," ಎಂದರು ಅಮ್ಮ. "ಮಗನ ಒಟ್ಟಿಗೆ ಉಣ್ಣುದನ್ನು ನಾನು ಕದ್ದು ಮಾಡುದಾ?"

ಆ ದಿನ ಸಂಜೆ ಪುರೋಹಿತರಾದ ಭಟ್ಟರು ಸಾಮಾನುಗಳ ವಿಚಾರ ಮಾತಾಡಲು ಬಂದಿದ್ದರು. ಎಲ್ಲರೂ ಚಾವಡಿಯಲ್ಲಿದ್ದಾಗ ಅಮ್ಮ ಹೊರಗೆ ಬಂದು, ಹಿಂದೆಂದೂ ಮಾಡದಿದ್ದ ಒಂದು ಕೆಲಸ ಮಾಡಿದರು. ಅಪ್ಪನನ್ನು ಕೇಳದೆ ನೇರವಾಗಿ ಭಟ್ಟರನ್ನು ಕೇಳಿದರು:

"ಭಟ್ರೇ, ಮೂರು ಮಣೆಯ ಮೇಲೆ ಕೂತ್ರೆ ಮಾತೃಭೋಜನ ಆಗ್ತದಾ, ಇಲ್ವಾ?"

ಭಟ್ಟರು ಎಲೆಯಡಿಕೆಯನ್ನು ಕೆನ್ನೆಯ ಒಂದು ಬದಿಗೆ ಸರಿಸಿ ಯೋಚಿಸಿದರು.

"ಮಣೆ ಎಷ್ಟು ಅಂತ ಯಾವ ಪುಸ್ತಕದಲ್ಲೂ ನಾನು ಕಾಣ್ಲಿಲ್ಲ ತಾಯಿ. ನೀವು ಕೂರ್ಬೇಕು, ಮಾಣಿಯ ಒಟ್ಟಿಗೆ ಒಂದೇ ಎಲೆಯಲ್ಲಿ ಉಣ್ಣಬೇಕು. ಅಷ್ಟಾದ್ರೆ ಆಯ್ತು. ಅದೆರಡು ಆಗದಿದ್ರೆ ಮಾತ್ರ ಬೇರೆಯವರು."

ಅಪ್ಪ ಎದ್ದು ಅಂಗಳಕ್ಕೆ ಹೋದರು. ಮರಳಿ ಬಂದಾಗ ಹೇಳಿದ್ದು ಒಂದೇ ಮಾತು: "ಕೂರ್ಲಿ. ಆದ್ರೆ ಅದನ್ನು ಆಸನ ಅಂತ ಯಾರೂ ನನ್ನ ಹತ್ರ ಹೇಳ್ಬೇಡಿ." ಒಪ್ಪಿಗೆ ದೊರೆಯಿತು, ವಾದ ಮುಗಿಯಲಿಲ್ಲ. ದೊಡ್ಡಮ್ಮನನ್ನು ಅವರು ಮರಳಿ ನರಿಮೊಗರಿಗೆ ಕಳುಹಿಸಲೂ ಇಲ್ಲ. ಉಪನಯನದವರೆಗೆ ಇಲ್ಲೇ ಇರಿ, ಯಾವುದಕ್ಕೂ ಇರಲಿ, ಎಂದರು. 'ಯಾವುದಕ್ಕೂ' ಎಂದರೆ ಯಾವುದಕ್ಕೆಂದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು.

ಉಪನಯನದ ದಿನ ಅಂಗಳದ ಚಪ್ಪರದಲ್ಲಿ ಹೋಮಕ್ಕೆ ಸಿದ್ಧತೆ ನಡೆಯುತ್ತಿದ್ದಾಗ ನಡುಮನೆಯಲ್ಲಿ ಮಾತೃಭೋಜನಕ್ಕೆ ಅಣಿಮಾಡಿದರು. ನೆಂಟರು ಗೋಡೆಯುದ್ದಕ್ಕೂ ನಿಂತಿದ್ದರು. ಹೆಂಗಸರು ಶೋಭಾನೆ ಹಾಡುತ್ತಿದ್ದರು. ನನ್ನ ಮಣೆ, ಅದರ ಪಕ್ಕದಲ್ಲಿ ಅಮ್ಮನ ಮೂರು ಮಣೆಗಳು, ಎದುರಿಗೆ ನೆಲದ ಮೇಲೆ ಒಂದು ದೊಡ್ಡ ಬಾಳೆಯೆಲೆ. ಮಾವ ಬಾಗಿಲ ಬಳಿ, ದೊಡ್ಡಮ್ಮ ಅನ್ನದ ಪಾತ್ರೆ ಹಿಡಿದು ಬಡಿಸಲು, ಅಪ್ಪ ಒದ್ದೆ ಪಂಚೆಯಲ್ಲಿ ಕಂಬದ ಪಕ್ಕದಲ್ಲಿ. ಅಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟು, ತಿಂಗಳುಗಳ ಕಾಲ ಮಾಡಿದಂತೆಯೇ, ಮೊದಲು ಬಲಗಾಲು, ಆಮೇಲೆ ಸೊಂಟ, ಕಡೆಗೆ ಎಡಮಂಡಿ, ಹೀಗೆ ಇಳಿದು ಕೂತರು. ಎಡಪಾದ ಒಳಗೆ ಬಂತು. ಬೆನ್ನು ನೇರವಾಯಿತು. ಮಾವನ ಮುಖ ಅರಳಿತು. ಯಾರೋ ಹೆಂಗಸು "ಚಂದ ಕೂತಳಪ್ಪ" ಎಂದದ್ದೂ ಕೇಳಿಸಿತು. ದೊಡ್ಡಮ್ಮ ಅನ್ನ, ತೊವ್ವೆ, ಪಲ್ಯ, ಪಾಯಸ ಬಡಿಸಿದರು. ಭಟ್ಟರು ಮಂತ್ರ ಹೇಳಿ, "ಹ್ಞಾಂ, ಇನ್ನು ಉಣ್ಣಿ," ಎಂದರು.

ಅಮ್ಮ ಕೈ ಚಾಚಿದರು. ಕೈ ಎಲೆಗೆ ತಲಪಲಿಲ್ಲ.

ಅಷ್ಟು ತಿಂಗಳು ನಾವು ಕೂರುವುದನ್ನು ಮಾತ್ರ ಅಭ್ಯಾಸ ಮಾಡಿದ್ದೆವು. ಉಣ್ಣುವುದನ್ನು ಒಂದು ದಿನವೂ ಮಾಡಿರಲಿಲ್ಲ. ಕೈ ತೊಡೆಯ ಮೇಲೆ, ಕಣ್ಣು ಮುಚ್ಚಿ, ಬೆನ್ನು ನೇರ. ಕೂತ ಮೇಲೆ ಏನೆಂಬ ಯೋಚನೆ ಮಾವನಿಗೂ ಬಂದಿರಲಿಲ್ಲ, ಅಮ್ಮನಿಗೂ ಬಂದಿರಲಿಲ್ಲ, ಎಲ್ಲವನ್ನೂ ಕ್ರಮಪ್ರಕಾರ ಮಾಡಿಸುತ್ತಿದ್ದ ನನಗೂ ಬಂದಿರಲಿಲ್ಲ. ಮೂರು ಮಣೆಗಳ ಎತ್ತರದಿಂದ ನೆಲದ ಎಲೆ ಬಹಳ ಕೆಳಗಿತ್ತು. ಮುಂದಿದ್ದ ಮಂಡಿ ಎಲೆಯನ್ನು ಮತ್ತಷ್ಟು ದೂರಕ್ಕೆ ತಳ್ಳಿತ್ತು. ಅಮ್ಮ ಬಗ್ಗಿದರು. ಮಂಡಿ ತಡೆಯಿತು. ಇನ್ನಷ್ಟು ಬಗ್ಗಿದಾಗ ಮೇಲಿನ ಮಣೆ ಸ್ವಲ್ಪ ಜಾರಿ ಕಿರ್ರೆಂದಿತು. ನಾನು ಅವರ ತೋಳನ್ನು ಹಿಡಿದುಕೊಂಡೆ. ಹಾಡು ಒಂದೊಂದೇ ಬಾಯಿಯಲ್ಲಿ ನಿಂತಿತು. ಅಮ್ಮನ ಬೆರಳುಗಳು ಅನ್ನದಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ, ಹಾಗೆಯೇ ಇದ್ದವು. ನಾನು ಮಾವನ ಕಡೆ ನೋಡಿದೆ. ಅವರ ಕಣ್ಣು ಮಣೆಗಳಿಂದ ಎಲೆಗೆ, ಎಲೆಯಿಂದ ಮಣೆಗಳಿಗೆ ಓಡಾಡುತ್ತಿತ್ತು. ಭಟ್ಟರು ಮುಹೂರ್ತದ ಯೋಚನೆಯಲ್ಲಿ ಹೊರಗೆ ಬಿಸಿಲನ್ನು ನೋಡಿದರು. ದೊಡ್ಡಮ್ಮ ಅನ್ನದ ಪಾತ್ರೆಯನ್ನು ಯಾರ ಕೈಗೋ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅಳುಮುಖದಲ್ಲಿ ಒಂದು ಹೆಜ್ಜೆ ಮುಂದೆ ಬಂದರು. ಅಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಿನಲ್ಲಿಟ್ಟುಕೊಂಡರು.

"ಅತ್ತಿಗೆ, ನಿಲ್ಲಿ," ಎಂದರು ಅಪ್ಪ.

ಅವರು ಅಂಗಳಕ್ಕೆ ಹೋದರು. ಚಪ್ಪರದಲ್ಲಿ, ಹೋಮಕುಂಡದ ಎದುರಿಗೆ, ರಂಗೋಲಿಯ ಮೇಲೆ ಅವರಿಗಾಗಿ ಹಾಕಿಟ್ಟಿದ್ದ ಮಣೆಯನ್ನು ಎತ್ತಿಕೊಂಡು ಬಂದರು. ಅಡಿಯಲ್ಲಿ ಅಂಟಿದ್ದ ರಂಗೋಲಿಯ ಪುಡಿಯನ್ನು ಅಂಗೈಯಿಂದ ಒರೆಸಿ, ನಮ್ಮ ಎದುರಿ‌ಗೆ ಮಂಡಿಯೂರಿ ಕೂತರು.

"ಭಾವ, ಬನ್ನಿ. ಎಲೆಯ ಆ ತುದಿ ಹಿಡೀರಿ. ಬಿಗಿ ಹಿಡೀರಿ, ಬಗ್ಗಿದ್ರೆ ಪಾಯಸ ಹೋಗ್ತದೆ."

ಮಾವ ಓಡಿ ಬಂದರು. ಬಡಿಸಿದ ಎಲೆಯನ್ನು ಎತ್ತುವುದು ಒಬ್ಬರಿಂದ ಆಗುವ ಕೆಲಸವಲ್ಲ. ಆರು ತಿಂಗಳಿಂದ ಒಬ್ಬರ ಮಾತಿಗೊಬ್ಬರು ತಲೆಯಾಡಿಸದಿದ್ದ ಇಬ್ಬರು, ಎಲೆಯ ಎರಡು ತುದಿಗಳನ್ನು ಹಿಡಿದು, ಒಂದೇ ಉಸಿರಿನಲ್ಲಿ, ಒಂದೇ ಸಮಕ್ಕೆ ಮೇಲೆತ್ತಿದರು. "ಮಾಣಿ, ಮಣೆ ದೂಡು," ಎಂದರು ಅಪ್ಪ. ನಾನು ದೂಡಿದೆ. ಎಲೆ ಇಳಿಯಿತು. ಅಮ್ಮ ಮತ್ತೆ ಕೈ ಚಾಚಿದರು. ಇನ್ನೂ ನಾಲ್ಕು ಬೆರಳಿನಷ್ಟು ದೂರವಿತ್ತು.

ಅಪ್ಪ ಆ ದೂರವನ್ನು ನೋಡಿದರು. ಆಮೇಲೆ ತಲೆಯೆತ್ತದೆ, ಹಿಂದಕ್ಕೆ ಕೈ ಚಾಚಿ, ನೆಂಟರಿಗೆಲ್ಲ ಕೇಳುವಂತೆ ಹೇಳಿದರು:

"ಇನ್ನೊಂದು."

ಯಾರೋ ಊಟದ ಸಾಲಿನಿಂದ ಒಂದು ಮಣೆಯನ್ನು ತಂದುಕೊಟ್ಟರು. ಮತ್ತೊಮ್ಮೆ ಎಲೆ ಎದ್ದಿತು, ಮತ್ತೊಮ್ಮೆ ಇಳಿಯಿತು. ತೊವ್ವೆ ಸ್ವಲ್ಪ ಹರಿದು ಪಲ್ಯಕ್ಕೆ ಸೇರಿತು, ಪಾಯಸ ಚೆಲ್ಲಲಿಲ್ಲ. ನನ್ನ ಒಂಟಿ ಮಣೆಯ ಮೇಲೆ ಕೂತಿದ್ದ ನನಗೆ ಎಲೆ ಹೊಟ್ಟೆಯ ಮಟ್ಟಕ್ಕೆ ಬಂದಿತ್ತು. ಮೊಣಕೈ ಎತ್ತಿ ಉಣ್ಣಬೇಕಾಯಿತು. ಭಟ್ಟರು, "ಮಾಣಿಗೆ ಎಲೆ ಬಾಯಿಯ ಹತ್ರವೇ ಬಂತಲ್ಲ, ಉಣ್ಣು ಮಾರಾಯ," ಎಂದಾಗ ಗೋಡೆಯುದ್ದಕ್ಕೂ ನಗು ಹರಿದು, ಹಾಡು ಮತ್ತೆ ಆರಂಭವಾಯಿತು. ಅಮ್ಮ ಅನ್ನಕ್ಕೆ ತೊವ್ವೆ ಕಲಸಿ ಮೊದಲ ತುತ್ತನ್ನು ನನ್ನ ಬಾಯಿಗಿಟ್ಟರು. ಎರಡನೆಯದನ್ನು ತಾವು ಉಂಡರು. ಅವರ ತುತ್ತು ಹೋದ ಜಾಗಕ್ಕೆ ನಾನು ಕೈ ಹಾಕಿದೆ. ನಾನು ಸರಿಸಿದ ಪಲ್ಯವನ್ನು ಅವರು ತೆಗೆದುಕೊಂಡರು. ಅಪ್ಪ ಏಳಲಿಲ್ಲ. ಎಲೆಯ ತುದಿ ಮಣೆಯಿಂದ ಹೊರಕ್ಕೆ ಬಾಗಿದ್ದಲ್ಲಿ ಎರಡು ಅಂಗೈಗಳನ್ನು ಅಡಿಗೆ ಹಿಡಿದು, ನಮ್ಮ ಊಟ ಮುಗಿಯುವವರೆಗೂ ಹಾಗೆಯೇ ಕೂತಿದ್ದರು. ಅವರ ಮಣೆ ಎಲೆಯ ಅಡಿಯಲ್ಲಿತ್ತಾದ್ದರಿಂದ, ಹೋಮಕ್ಕೆ ಕರೆ ಬಂದರೂ ಅವರು ಹೋಗುವಂತಿರಲಿಲ್ಲ.

ಆಸರೆಯಿಟ್ಟು ಮಾಡಿದ್ದು ಆಸನವೇ, ಅಲ್ಲವೇ ಎಂಬ ವಾದವನ್ನು ಅಪ್ಪನಾಗಲಿ ಮಾವನಾಗಲಿ ಆಮೇಲೆ ಎತ್ತಲಿಲ್ಲ. ಗೆದ್ದವರು ಯಾರೆಂದು ಯಾರೂ ಹೇಳಲಿಲ್ಲ. ನನ್ನ ಲೆಕ್ಕದಲ್ಲಿ ಅದು ತೀರ್ಮಾನವಾದದ್ದು, ಅಮ್ಮ ತಲೆಯೆತ್ತಿ, "ಅಕ್ಕ, ಇನ್ನು ಸ್ವಲ್ಪ ಅನ್ನ ಹಾಕಿ," ಎಂದು ದೊಡ್ಡಮ್ಮನನ್ನು ಕೇಳಿದ ಗಳಿಗೆಯಲ್ಲಿ: ೧೯೯೪ನೇ ಇಸವಿ ಮೇ ತಿಂಗಳ ಹದಿನಾರನೇ ತಾರೀಕು, ಸೋಮವಾರ.